ಗುಟ್ಟು ಹೊರಹಾಕುವವರಿಗೆ ಪಕ್ಷ ಇರಬಾರದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ತಿಂಗಳಿಗೊಮ್ಮೆ ಉಡುಪಿಗೆ ಹೋಗುತ್ತೇನೆ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಹೇಗೆ ಎಂದು ಹೇಳಿಕೊಡಲಿಕ್ಕೆ. ಮೂವತ್ತು ಜನ ಬಂದರೆ ಅವತ್ತು ಜಾತ್ರೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ಮೇಲ್ಮನವಿ ಎಲ್ಲ ಹೇಳಿ ಮುಗಿಸುವಾಗ ಹಿಂದಿನ ಸಾಲಿನಿಂದ ಒಂದು ಕೈ ಏಳುತ್ತದೆ. ಹೋದ ಸಲ ಎದ್ದದ್ದು ಕಾಲೇಜು ಹುಡುಗನ ಕೈ.

"ಸರ್, ಅರ್ಜಿ ಹಾಕಿ ತೆಗೆದುಕೊಳ್ಳೋದು ಸರಿ. ಅರ್ಜಿ ಹಾಕದೆ ಸರ್ಕಾರದ ಗುಟ್ಟು ಹೊರಗೆ ಹಾಕ್ತಾರಲ್ಲ, ವಿಕಿಲೀಕ್ಸ್‌ನವರು, ಪೇಪರ್‌ನವರು, ಅವರಿಗೆ ಪಕ್ಷ ಇರಬಾರದು ಅಲ್ವಾ?"

ನಾನು ಇಪ್ಪತ್ತು ವರ್ಷ ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತವನು. ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಹಲ್ಲು ಕೀಳುವಾಗ ಡಾಕ್ಟರೇ ಕೇಳಿದ್ದಾರೆ. ಇದ್ದರೆ ಇರಲಿ ಎನ್ನುವುದು ನನ್ನ ಉತ್ತರ. ಆದರೆ ಅಷ್ಟೇ ಹೇಳಿ ಬಸ್ಸು ಹತ್ತಿದರೆ ಹುಡುಗ ನನ್ನನ್ನು ಯಾವುದೋ ಪಕ್ಷದ ಖಾತೆಗೆ ಹಾಕಿಬಿಡುತ್ತಾನೆ. ಹಾಗಾಗಿ ಒಂದು ಕವರಿನ ಕಥೆ ಹೇಳಿದೆ.

2003ರ ಮಳೆಗಾಲ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಪರಿಚಯದ ರಾಜಕಾರಣಿಯೊಬ್ಬರು ಡೆಸ್ಕಿಗೆ ಬಂದು ಒಂದು ಕಾಕಿ ಕವರ್ ಇಟ್ಟರು. ಒಂದು ಮೂಲೆ ಮಳೆಗೆ ಒದ್ದೆಯಾಗಿತ್ತು. ಒಳಗೆ ಒಂದು ಸರ್ಕಾರಿ ಕಚೇರಿಯ ಫೈಲಿನ ಜೆರಾಕ್ಸ್. ರಸ್ತೆಗೆ ಹೋದ ಜಾಗಕ್ಕೆ ಪರಿಹಾರ ಕೊಡುವ ಲೆಕ್ಕ. ಎದುರು ಪಕ್ಷದ ಮುಖಂಡರೊಬ್ಬರ ಮನೆಯವರಿಗೆ ಪಕ್ಕದ ಜಾಗದವರಿಗಿಂತ ಜಾಸ್ತಿ ದರ ಹಾಕಿದ್ದರು. ಟಿಪ್ಪಣಿಯಲ್ಲಿ ಕೇಸ್ ವರ್ಕರ್ ಆಕ್ಷೇಪ ಬರೆದಿದ್ದ, ಮೇಲಿನವರು ಅದನ್ನು ದಾಟಿ ಸೈನ್ ಹಾಕಿದ್ದರು. ಸುದ್ದಿ ಅಂದರೆ ಸುದ್ದಿ.

ನಾನು ಮೊದಲ ಹಾಳೆ ಓದಲು ಶುರು ಮಾಡಿದೆ. ನಮ್ಮ ಮುಖ್ಯ ಉಪಸಂಪಾದಕರು ಓದಲಿಲ್ಲ. ಕನ್ನಡಕ ಹಣೆಗೇರಿಸಿ ಹಾಳೆ ಎಣಿಸಿದರು. ಟಿಪ್ಪಣಿ ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಪುಟದ ನಂಬರ್ ಇರುತ್ತದೆ. ಜೆರಾಕ್ಸಿನಲ್ಲಿ ಅದು ಮಸುಕಾಗಿ, ಯಾರೋ ರಬ್ಬರಿನಲ್ಲಿ ಒರೆಸಿದ ಹಾಗೆ ಕಾಣುತ್ತದೆ. ಅವರು ಕಿಟಕಿಯ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿದರು. ಹತ್ತು, ಹನ್ನೊಂದು, ಹದಿಮೂರು.

"ಹನ್ನೆರಡು ಎಲ್ಲುಂಟು ಮಾರಾಯ್ರೆ?"

"ಅದರಲ್ಲಿ ಎಂತ ಇಲ್ಲ. ಬರೀ ಸೈನು."

ಮೂರು ದಿನ ಸುದ್ದಿ ತಡೆದೆವು. ಬೇರೆ ಪತ್ರಿಕೆಗೂ ಆ ಕವರ್ ಹೋಗಿರಬಹುದು ಎಂಬ ಹೆದರಿಕೆ ಬೇರೆ. ನಮ್ಮ ವರದಿಗಾರ ಎಲ್ಲಿಂದಲೋ ಹನ್ನೆರಡನೇ ಪುಟ ತಂದ. ಅದರಲ್ಲಿ ಅದೇ ಜಾಸ್ತಿ ದರ ಸಿಕ್ಕಿದ ಇನ್ನೂ ಐದು ಸರ್ವೆ ನಂಬರ್ ಇತ್ತು. ಒಂದು, ಕವರ್ ತಂದವರ ಭಾವನದ್ದು.

ಎಲ್ಲವನ್ನೂ ಹಾಕಿದೆವು. ಮರುದಿನ ಬೆಳಗ್ಗೆ ಎರಡು ಫೋನ್ ಬಂತು. ಎರಡೂ ಕಡೆಯವರು ಕೇಳಿದ್ದು ಒಂದೇ ಮಾತು: ನೀವು ಯಾರ ಕಡೆ?

ಕವರ್ ತಂದವರಿಗೆ ಹೊಟ್ಟೆಕಿಚ್ಚು ಇತ್ತು, ಚುನಾವಣೆಯ ಲೆಕ್ಕ ಇತ್ತು. ಅದರಿಂದ ಹತ್ತನೇ ಪುಟ ಸುಳ್ಳಾಗಲಿಲ್ಲ. ಸುಮ್ನೆ ಊರಿನ ಒಳ್ಳೆಯದಕ್ಕಾಗಿ ಸರ್ಕಾರಿ ಫೈಲ್ ಹೊತ್ತು ತರುವವರು ನನಗಂತೂ ಇಪ್ಪತ್ತು ವರ್ಷದಲ್ಲಿ ಇಬ್ಬರೋ ಮೂವರೋ ಸಿಕ್ಕಿರಬೇಕು. ಉಳಿದವರಿಗೆಲ್ಲ ಬಡ್ತಿ ತಪ್ಪಿತ್ತು, ಟಿಕೆಟ್ ತಪ್ಪಿತ್ತು, ಅಥವಾ ಯಾರ ಮೇಲೋ ಹಳೇ ಸಿಟ್ಟಿತ್ತು. ಅಂಥವರು ತಂದದ್ದು ಬೇಡ ಎಂದರೆ ಪತ್ರಿಕೆಯಲ್ಲಿ ಪಂಚಾಂಗ, ಮಳೆ ವರದಿ ಮಾತ್ರ ಉಳಿಯುತ್ತದೆ.

ನಮ್ಮ ಕಡೆಯವರಿಗೆ ಇದನ್ನು ತಾಳಮದ್ದಳೆ ಇಟ್ಟುಕೊಂಡು ವಿವರಿಸುವುದು ಸುಲಭ. ಗಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ವಾಲಿವಧೆಯ ಪ್ರಸಂಗ ಇದ್ದರೆ ಒಬ್ಬರು ವಾಲಿ, ಒಬ್ಬರು ರಾಮ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದವರಿಗೆ ಗೊತ್ತು, ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ ಎಂದು ಕೇಳಲು ಶುರು ಮಾಡಿದರೆ ರಾಮನ ಕುರ್ಚಿ ಅಲ್ಲಾಡುತ್ತಿತ್ತು. ವಾಲಿಯ ಅರ್ಥ ಹೇಳುವವರು ಪಕ್ಷಪಾತ ಮಾಡಿದರು ಎಂದು ಯಾರೂ ಎದ್ದು ಹೋಗುವುದಿಲ್ಲ. ಪಕ್ಷ ವಹಿಸುವುದೇ ಅವರ ಕೆಲಸ. ಆದರೆ ಪದ್ಯ ಬದಲಿಸುವ ಹಾಗಿಲ್ಲ. ನಾಳೆ ಯಾರಾದರೂ ತನಗೆ ತೊಂದರೆ ಕೊಡುವ ಪದ್ಯ ಬೇಡ, ಹಾರಿಸಿ ಎಂದು ಭಾಗವತರಿಗೆ ಕಣ್ಣು ಮಿಟುಕಿಸಿದರೆ ಸಭೆಯಲ್ಲಿ ಗಲಾಟೆ ಆಗುತ್ತದೆ.

ಸೋರಿಕೆಯ ವಿಷಯದಲ್ಲೂ ನಾನು ಕೇಳುವುದು ಇಷ್ಟನ್ನೇ. ದಾಖಲೆ ಪದ್ಯ. ಅದರ ಮೇಲೆ ಬರೆಯುವುದು ಅರ್ಥ.

1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ವಿಯೆಟ್ನಾಂ ಯುದ್ಧದ ಗುಪ್ತ ಇತಿಹಾಸವನ್ನು ನ್ಯೂಯಾರ್ಕ್ ಟೈಮ್ಸ್‌ಗೆ ಕೊಟ್ಟರು. ಸುಮಾರು 7000 ಪುಟ. ಬರೆಸಿದ್ದು ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ; ಹಾಗಾಗಿ ಪೆಂಟಗನ್ ಕಾಗದಗಳು ಎಂಬ ಹೆಸರು. ಅವರೇನು ತಟಸ್ಥರಾಗಿದ್ದರಾ? ಒಂದು ಕಾಲಕ್ಕೆ ಪೆಂಟಗನ್‌ನಲ್ಲೇ ಕೆಲಸ ಮಾಡಿದವರು, ಆಮೇಲೆ ಯುದ್ಧ ನಿಲ್ಲಲೇಬೇಕು ಎಂದು ಹಟ ಹಿಡಿದವರು. ತಮಾಷೆ ಎಂದರೆ ಆ ಕಾಗದಗಳಲ್ಲಿ ಹೆಚ್ಚು ಮುಜುಗರ ಆಗುವಂಥದ್ದು ಇದ್ದದ್ದು ಕೆನಡಿ, ಜಾನ್ಸನ್ ಕಾಲದ್ದು, ಅಂದರೆ ಡೆಮಾಕ್ರಟರದ್ದು. ತಡೆಯಲು ಕೋರ್ಟಿಗೆ ಹೋದದ್ದು ರಿಪಬ್ಲಿಕನ್ ನಿಕ್ಸನ್ ಸರ್ಕಾರ. ಸುಪ್ರೀಂ ಕೋರ್ಟಿನಲ್ಲಿ 6-3ರಲ್ಲಿ ಸೋತಿತು. ಶಾಂತಿ ಮಾತುಕತೆಗೆ ತೊಂದರೆ ಆಗಬಾರದೆಂದು ಎಲ್ಸ್‌ಬರ್ಗ್ ನಾಲ್ಕು ಸಂಪುಟ ಪತ್ರಿಕೆಗೆ ಕೊಡಲೇ ಇಲ್ಲ. ಹಾಗಾದರೆ ಅವರೂ ಹನ್ನೆರಡನೇ ಪುಟ ಮುಚ್ಚಿಟ್ಟ ಹಾಗಾಯಿತಲ್ಲ ಎಂದು ಆ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ವ್ಯತ್ಯಾಸ ಉಂಟು. ಇನ್ನೊಬ್ಬರಿಗೆ ಅಪಾಯ ಆಗದಿರಲಿ ಎಂದು ತಡೆಹಿಡಿಯುವುದು ಬೇರೆ, ತನ್ನ ಭಾವನನ್ನು ಉಳಿಸಲು ಕಿತ್ತು ತೆಗೆಯುವುದು ಬೇರೆ. ತಡೆಹಿಡಿದವರು ಯಾಕೆ ತಡೆದೆ ಎಂದು ನಾಲ್ಕು ಜನರೆದುರು ಹೇಳಬಲ್ಲರು. ಕಿತ್ತವರು "ಬರೀ ಸೈನು" ಎನ್ನುತ್ತಾರೆ.

ವಿಕಿಲೀಕ್ಸ್ ವಿಷಯದಲ್ಲಿ ಜನರ ನೆನಪು ಅವರವರ ಪಕ್ಷಕ್ಕೆ ತಕ್ಕಂತೆ. 2010ರಲ್ಲಿ ಅದು ಬಾಗ್ದಾದಿನ ಹೆಲಿಕಾಪ್ಟರ್ ದಾಳಿಯ ವಿಡಿಯೋ ಹೊರಹಾಕಿತು. 2007ರ ಆ ದಾಳಿಯಲ್ಲಿ ರಾಯಿಟರ್ಸ್‌ನ ಇಬ್ಬರು ಸತ್ತಿದ್ದರು. ಎಡಗಡೆಯವರು ಚಪ್ಪಾಳೆ ಹೊಡೆದರು. 2011ರ ಮಾರ್ಚ್‌ನಲ್ಲಿ ದಿ ಹಿಂದೂ ಪತ್ರಿಕೆ ಭಾರತಕ್ಕೆ ಸಂಬಂಧಿಸಿದ ಅಮೆರಿಕದ ರಾಯಭಾರ ಕಚೇರಿ ತನ್ನ ಸರ್ಕಾರಕ್ಕೆ ಕಳಿಸಿದ ಒಳವರದಿಗಳನ್ನು, ಅಂದರೆ ಕೇಬಲ್‌ಗಳನ್ನು ಅದರಿಂದ ಪಡೆದು ಛಾಪಿಸತೊಡಗಿತು. 2008ರ ವಿಶ್ವಾಸಮತಕ್ಕೆ ಮೊದಲು ಸಂಸದರನ್ನು ಕೊಳ್ಳಲು ಇಟ್ಟ ದುಡ್ಡಿನ ಪೆಟ್ಟಿಗೆಯನ್ನು ಕಾಂಗ್ರೆಸ್ ಕಡೆಯವರು ತೋರಿಸಿದರು ಎಂಬ ಕೇಬಲ್ ಬಂದಾಗ ಬಿಜೆಪಿ ಸಂಸತ್ತಿನಲ್ಲಿ ಅದನ್ನು ಎತ್ತಿ ಹಿಡಿಯಿತು. ಕಾಗದ ನಿಜವೋ ಅಲ್ಲವೋ ಹೇಳಲಾಗದು ಎಂದು ಮನಮೋಹನ್ ಸಿಂಗ್ ಸರ್ಕಾರ ಜಾರಿಕೊಂಡಿತು. ಕೆಲವೇ ದಿನದಲ್ಲಿ ಬಿಜೆಪಿಯ ಅರುಣ್ ಜೇಟ್ಲಿಯವರ ಹೆಸರಿನ ಕೇಬಲ್ ಬಂತು. ಹಿಂದುತ್ವ ಅವಕಾಶಕ್ಕೆ ತಕ್ಕ ವಿಷಯ ಎಂಬಂತೆ ಅವರು ಮಾತಾಡಿದ್ದಾರೆ ಎಂದು ಅದರಲ್ಲಿತ್ತು. ಆ ಶಬ್ದ ನನ್ನದಲ್ಲ, ಬರೆದ ಅಧಿಕಾರಿಯದ್ದು ಎಂದು ಅವರು ಹೇಳಿದರು. ವಾರದ ಹಿಂದೆ ಕೇಬಲ್ ವೇದವಾಕ್ಯ ಎಂದವರಿಗೆ ಈಗ ಅದು ಯಾರೋ ಅಧಿಕಾರಿಯ ಗೀಚು.

ಅಲ್ಲಿಯವರೆಗೆ ಒಂದೇ ದೊಡ್ಡ ತಕರಾರು ನನ್ನದು. 2011ರ ಸೆಪ್ಟೆಂಬರ್‌ನಲ್ಲಿ ವಿಕಿಲೀಕ್ಸ್ ಎರಡೂವರೆ ಲಕ್ಷ ಕೇಬಲ್‌ಗಳನ್ನು ಮಾಹಿತಿ ಕೊಟ್ಟವರ ಹೆಸರು ಮುಚ್ಚದೆ ಹಾಗೇ ಸುರಿಯಿತು. ಅದುವರೆಗೆ ಜೊತೆಗಿದ್ದ ಗಾರ್ಡಿಯನ್, ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳೇ ಅದನ್ನು ಖಂಡಿಸಿದವು. ಅದು ಪಕ್ಷದ ತಪ್ಪಲ್ಲ, ಉಡಾಫೆಯ ತಪ್ಪು.

2016ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಹೊತ್ತಿನದ್ದು ಬೇರೆ. ಡೆಮಾಕ್ರಟ್ ಪಕ್ಷದ ಈಮೇಲ್‌ಗಳನ್ನು ಅವರ ಸಮಾವೇಶಕ್ಕೆ ಮೂರು ದಿನ ಮೊದಲು ಹಾಕಿದರು. ಈಮೇಲ್ ನಿಜವಾದದ್ದೇ. ವಿಕಿಲೀಕ್ಸ್ ಸ್ಥಾಪಕ ಅಸಾಂಜ್‌ಗೆ ಆ ಪಕ್ಷದ ಅಭ್ಯರ್ಥಿ ಹಿಲರಿ ಕ್ಲಿಂಟನ್ ಕಂಡರೆ ಆಗುತ್ತಿರಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಇಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಆಮೇಲೆ ನಡೆದದ್ದು ನೋಡಿ. ಕೊಟ್ಟವರು ಯಾರು ಎಂದು ಹೇಳದಿರುವುದು ಪತ್ರಕರ್ತನ ಧರ್ಮ. ಅದನ್ನು ಬಿಟ್ಟು, ಆ ವರ್ಷ ಕೊಲೆಯಾಗಿದ್ದ ಒಬ್ಬ ಯುವಕನೇ ಕೊಟ್ಟಿರಬಹುದು ಎಂಬ ಹಾಗೆ ಅಸಾಂಜ್ ಟಿವಿಯಲ್ಲಿ ಮಾತಾಡಿದರು. 2018ರಲ್ಲಿ ಅಮೆರಿಕದ ತನಿಖೆ ಆ ಕಳವಿಗಾಗಿ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 12 ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಸತ್ತವನ ಅಪ್ಪ ಅಮ್ಮ ವರ್ಷಗಟ್ಟಲೆ ಅನುಭವಿಸಿದರು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಅದೇ ಚುನಾವಣೆಗೆ ಮೊದಲು ವಿಕಿಲೀಕ್ಸ್ ಟ್ವಿಟರ್ ಖಾತೆಯಿಂದ ಟ್ರಂಪ್ ಅವರ ಮಗನಿಗೆ ಗುಟ್ಟಾಗಿ ಸಂದೇಶಗಳು ಹೋಗಿದ್ದವು. ಒಂದರಲ್ಲಿ, ನಿಮ್ಮ ತಂದೆಯ ತೆರಿಗೆ ಕಾಗದ ನಮಗೆ ಕೊಡಿ, ಪ್ರಕಟಿಸಿದರೆ ನಾವು ಯಾರ ಕಡೆಯೂ ಅಲ್ಲ ಎಂದು ಜನ ನಂಬುತ್ತಾರೆ ಎಂಬ ಅರ್ಥದ ಮಾತಿತ್ತು. ತಟಸ್ಥ ಆಗಿರಬೇಕು ಎಂದು ನಾವು ಹಟ ಹಿಡಿದರೆ ಸಿಗುವುದು ಇದೇ. ತಟಸ್ಥರ ವೇಷ. ಅದಕ್ಕೆ ಬೇಕಾದ ಬಣ್ಣ ಚೌಕಿಯಲ್ಲಿ, ಅಂದರೆ ಯಕ್ಷಗಾನದವರು ವೇಷ ಕಟ್ಟುವ ಕೋಣೆಯಲ್ಲಿ, ಧಾರಾಳ ಸಿಗುತ್ತದೆ.

ನಮ್ಮಲ್ಲಿ ಹನ್ನೆರಡನೇ ಪುಟಕ್ಕೆ ಹತ್ತಿರದ ಕಥೆ ರಫೇಲಿನದ್ದು, ಫ್ರಾನ್ಸಿನಿಂದ ಯುದ್ಧವಿಮಾನ ಕೊಂಡ ವ್ಯವಹಾರದ್ದು. 2019ರ ಫೆಬ್ರವರಿ 8ರಂದು ದಿ ಹಿಂದೂ ರಕ್ಷಣಾ ಸಚಿವಾಲಯದ ಒಂದು ಟಿಪ್ಪಣಿ ಛಾಪಿಸಿತು. ಪ್ರಧಾನಿ ಕಚೇರಿ ಫ್ರೆಂಚರ ಜೊತೆ ಪ್ರತ್ಯೇಕ ಮಾತುಕತೆ ನಡೆಸುತ್ತಿದೆ ಎಂಬ ಆಕ್ಷೇಪ ಅದರಲ್ಲಿತ್ತು. ಅದೇ ದಿನ ಹಾಳೆಯ ಇನ್ನೊಂದು ಪ್ರತಿ ಹೊರಬಂತು. ಅದರ ಕೆಳಗೆ ಆಗಿನ ಸಚಿವ ಮನೋಹರ್ ಪರಿಕ್ಕರ್ ಅವರ ಕೈಬರಹ. ಈ ಆಕ್ಷೇಪ ಸ್ವಲ್ಪ ಅತಿಯಾಯಿತು ಎಂಬ ಧಾಟಿಯದ್ದು. ಪತ್ರಿಕೆ ಅದನ್ನು ಕತ್ತರಿಸಿದೆ ಎಂದು ಸರ್ಕಾರದ ಕಡೆಯವರು ಕೂಗಿದರು. ನಮಗೆ ಸಿಕ್ಕಿದ್ದರಲ್ಲಿ ಅದು ಇರಲಿಲ್ಲ ಎಂದು ಪತ್ರಿಕೆಯ ಎನ್. ರಾಮ್ ಹೇಳಿದರು. ಅವರ ಮಾತು ನಂಬುತ್ತೇನೆ. ಆದರೆ ಡೆಸ್ಕಿನವನಾಗಿ ಹೇಳುತ್ತೇನೆ, ಸಚಿವರ ಮೇಜಿಗೆ ಹೋಗಿ ಬಂದ ಟಿಪ್ಪಣಿಯಲ್ಲಿ ಸಚಿವರದ್ದೇ ಒಂದು ಸಾಲೂ ಇಲ್ಲದಿದ್ದರೆ ಕೈ ನಿಲ್ಲಬೇಕು. ಅದು ಪತ್ರಿಕೆಯ ಒಲವಿನ ಪ್ರಶ್ನೆಯೇ ಅಲ್ಲ.

ಮುಂದಿನ ತಿಂಗಳು ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿನಲ್ಲಿ ಕಡತ ಕಳವಾಗಿದೆ ಎಂದರು. ಎರಡು ದಿನ ಬಿಟ್ಟು, ಕಳವಲ್ಲ, ಜೆರಾಕ್ಸ್ ಮಾಡಿಕೊಂಡಿದ್ದಾರೆ ಎಂದರು. 1923ರ ಅಧಿಕೃತ ರಹಸ್ಯ ಕಾಯ್ದೆಯನ್ನು ಎತ್ತಿ ತೋರಿಸಿದರು. ರಫೇಲ್ ತೀರ್ಪನ್ನು ಮರುಪರಿಶೀಲಿಸಿ ಎಂದು ಕೇಳಿ, ಈ ಟಿಪ್ಪಣಿಗಳನ್ನು ಕೋರ್ಟಿನ ಮುಂದಿಟ್ಟ ಅರ್ಜಿದಾರರು ಯಶವಂತ ಸಿನ್ಹಾ, ಅರುಣ್ ಶೌರಿ, ಪ್ರಶಾಂತ್ ಭೂಷಣ್. ಈ ಸರ್ಕಾರದ ಮೇಲೆ ಅವರ ಸಿಟ್ಟು ಇಡೀ ದೇಶಕ್ಕೆ ಗೊತ್ತಿತ್ತು. ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ದಾಖಲೆಗಳನ್ನು ನೋಡಬಹುದು ಎಂದರು. ಪೆಂಟಗನ್ ಕಾಗದಗಳ ತೀರ್ಪನ್ನೂ ನೆನೆದರು. ನವೆಂಬರ್‌ನಲ್ಲಿ ಅರ್ಜಿ ಬಿದ್ದುಹೋಯಿತು, ಅದು ಬೇರೆ ಮಾತು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(2) ಕೂಡ ಸಾರ್ವಜನಿಕ ಹಿತ ದೊಡ್ಡದಿದ್ದರೆ ರಹಸ್ಯ ಕಾಯ್ದೆ ಅಡ್ಡ ಬರಬೇಕಿಲ್ಲ ಎನ್ನುತ್ತದೆ. ಕೇಳುವವನ ಪಕ್ಷ ಯಾವುದು ಎಂಬ ಕಾಲಂ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇಲ್ಲ. ಉಡುಪಿಯಲ್ಲಿ ಇದನ್ನು ಹೇಳುವಾಗ ನನಗೆ ಯಾವಾಗಲೂ ಸ್ವಲ್ಪ ಖುಷಿ.

ಮತ್ತೆ, ಪತ್ರಿಕೆಗೆ ಪಕ್ಷ ಇರಬಾರದು ಎಂದು ಮಂಗಳೂರಿನಲ್ಲಿ ಕೂತು ಹೇಳುವುದೇ ಒಂದು ವಿಚಿತ್ರ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಇಲ್ಲಿಂದಲೇ ಕಲ್ಲಚ್ಚಿನಲ್ಲಿ ಹೊರಟಿತು. ಹೊರಡಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್. ಅವರು ಯಾಕೆ ಬಂದಿದ್ದಾರೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಆ ದಿನವನ್ನೇ ನಾವು ಪತ್ರಿಕಾ ದಿನ ಎಂದು ಹಾರ ಹಾಕಿ ಆಚರಿಸುತ್ತೇವೆ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಇಲ್ಲಿ 'ಮುಂಗಾರು' ಶುರು ಮಾಡಿದಾಗ ತಾವು ದಲಿತರ, ಹಿಂದುಳಿದವರ ಕಡೆ ಎಂಬುದನ್ನು ಮುಚ್ಚಿಡಲಿಲ್ಲ. ಓದುವವನಿಗೆ ಗೊತ್ತಿರುತ್ತಿತ್ತು, ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಅಂತ. ಯಾರ ಕಡೆಯೂ ಅಲ್ಲ ಎಂದು ಮಾಸ್ಟ್‌ಹೆಡ್ಡಿನ ಕೆಳಗೆ ಬರೆದುಕೊಂಡ ಪತ್ರಿಕೆಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಯಾವ ಸುದ್ದಿ ಯಾಕೆ ಒಳಪುಟಕ್ಕೆ ಹೋಯಿತು ಎಂದು ಕಂಡುಹಿಡಿಯಲು ಜ್ಯೋತಿಷ್ಯ ಬೇಕು.

ಹುಡುಗನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವನು ಕೇಳಿದ, "ಹಾಗಾದ್ರೆ ನಿಮ್ಮದು ಯಾವ ಪಕ್ಷ ಸರ್?" ಹೇಳಿದೆ. ಅವನ ಮುಖ ಸ್ವಲ್ಪ ಬಾಡಿತು. ಆದರೂ ಟಿಪ್ಪಣಿ ಪುಸ್ತಕ ಮುಚ್ಚಲಿಲ್ಲ.

ಕವರ್ ತಂದವರ ಕಥೆ ಬಾಕಿ ಉಂಟು. ನಾಲ್ಕು ವರ್ಷ ಅವರು ನನ್ನ ಹತ್ತಿರ ಮಾತು ಬಿಟ್ಟರು. ಹಂಪನಕಟ್ಟೆಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದರು. ಐದನೇ ವರ್ಷ ಒಂದು ಸಂಜೆ ಮತ್ತೆ ಡೆಸ್ಕಿಗೆ ಬಂದರು. ಕೈಯಲ್ಲಿ ಕವರ್, ಈ ಸಲ ಪ್ಲಾಸ್ಟಿಕ್ ಸುತ್ತಿದ್ದು.

"ಎಣಿಸಿ ಮಾರಾಯ್ರೆ. ಎಲ್ಲ ಉಂಟು. ಒಂದೂ ತೆಗೀಲಿಲ್ಲ."

ಎಣಿಸಿದೆ. ಇಪ್ಪತ್ತಾರು ಪುಟ, ಒಂದೂ ಕಡಿಮೆ ಇರಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತು ಪೂರ್ತಿ ಓದಿದೆ. ಅದರಲ್ಲಿ ಸುದ್ದಿ ಏನೂ ಇರಲಿಲ್ಲ.