ಒಂದೇ ಡ್ರಾಯರಿನ ಕಾರಂತರು

ನಾನು ಈ ಕಾಲೇಜಿನಲ್ಲಿ ಬಿ.ಎ. ಓದಿದ್ದು 2001ರಿಂದ 2004ರವರೆಗೆ. ಊರು ನಿಟ್ಟೂರಿನ ಹತ್ತಿರದ ಒಂದು ಹಳ್ಳಿ. ಬೆಳಿಗ್ಗೆ ಏಳರ ಬಸ್ಸು ಹತ್ತಿ, ಗುಬ್ಬಿ ದಾಟಿ, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಇಳಿಯುವಾಗ ಎಂಟೂಕಾಲು ಆಗುತ್ತಿತ್ತು. ಮೊದಲ ಕ್ಲಾಸು ಹತ್ತಕ್ಕೆ. ಆಮೇಲಿನ ಬಸ್ಸಿಗೆ ಬಂದರೆ ಕ್ಲಾಸು ತಪ್ಪುತ್ತಿತ್ತು. ಹಾಗಾಗಿ ಮೂರು ವರ್ಷ ದಿನಾ ಒಂದೂವರೆ ಗಂಟೆ ನಾನು ಲೈಬ್ರರಿಯಲ್ಲಿ ಕೂತಿದ್ದೇನೆ. ಕ್ಲಾಸಿನಲ್ಲಿ ಕಲಿತದ್ದು ಎಷ್ಟೋ ಮರೆತುಹೋಗಿದೆ, ಆ ಒಂದೂವರೆ ಗಂಟೆಯದ್ದು ಮರೆತಿಲ್ಲ.

ಈಗಿನ ಮಕ್ಕಳಿಗೆ ಆಗಿನ ವ್ಯವಸ್ಥೆ ಗೊತ್ತಿರಲಾರದು. ಪುಸ್ತಕದ ಕಪಾಟಿನ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ಬಾಗಿಲ ಪಕ್ಕ ಮರದ ಒಂದು ಬೀರು, ಅದರ ತುಂಬ ಸಣ್ಣ ಸಣ್ಣ ಡ್ರಾಯರು. ಡ್ರಾಯರಿನೊಳಗೆ ಅಂಗೈ ಅಗಲದ ಕಾರ್ಡುಗಳು, ಅವು ಚೆಲ್ಲಾಪಿಲ್ಲಿ ಆಗದ ಹಾಗೆ ಕೆಳಗಿನ ತೂತಿಗೆ ಪೋಣಿಸಿದ ಹಿತ್ತಾಳೆ ಸರಳು. ಕಾರ್ಡಿನ ಮೇಲೆ ಬರೆದವರ ಹೆಸರು, ಪುಸ್ತಕದ ಹೆಸರು, ಎಡ ಮೂಲೆಯಲ್ಲಿ ಒಂದು ನಂಬರು. ಆ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅಟೆಂಡರ್ ಒಳಗೆ ಹೋಗಿ ಪುಸ್ತಕ ತಂದುಕೊಡುತ್ತಿದ್ದರು. ಕೈಗೆ ಬಂದಮೇಲೇ ಅದು ಎಂಥ ಪುಸ್ತಕ ಅಂತ ಗೊತ್ತಾಗುತ್ತಿದ್ದದ್ದು.

ಕಾರ್ಡುಗಳನ್ನು ಜೋಡಿಸಿದ್ದು ಕೊನೆಯ ಹೆಸರಿನ ಮೇಲೆ. ನನಗೆ ಇದೇ ಮೊದಲು ವಿಚಿತ್ರ ಅನಿಸಿತು. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ ಅಲ್ವಾ? ಹೆಸರಿನ ಮುಂದೆ ಎರಡು ಅಕ್ಷರ, ಒಂದು ಊರಿನದು, ಒಂದು ಅಪ್ಪನದು, ಮುಗೀತು. ನಮ್ಮ ಜಿಲ್ಲೆಯ ದೊಡ್ಡ ವಿದ್ವಾಂಸರು ತೀನಂಶ್ರೀ ಹೆಸರನ್ನೇ ನೋಡಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ, ಅಪ್ಪ ನಂಜುಂಡಯ್ಯನವರ ನಂ, ಶ್ರೀಕಂಠಯ್ಯನ ಶ್ರೀ. ಆ ಕಡೆ ಕೋಲಾರ ಜಿಲ್ಲೆಯ ಮಾಸ್ತಿ ಅವರಿಗೆ ಊರಿನ ಹೆಸರೇ ಹೆಸರಾಗಿ ನಿಂತಿತು. ನನ್ನ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರು, ಯಾರೂ ಯಾರಿಗೂ ನೆಂಟರಲ್ಲ. ಹಾಗಾಗಿ ಕರಾವಳಿ ಕಡೆಯ, ಉತ್ತರ ಕರ್ನಾಟಕದ ಕಡೆಯ ಅಡ್ಡಹೆಸರುಗಳನ್ನು ಹೇಗೆ ಓದಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹೆಸರು ಒಂದೇ ಆದರೆ ಮನುಷ್ಯ ಒಬ್ಬರೇ ಅಂದುಕೊಳ್ಳಬೇಕಾ, ಬೇರೆ ಬೇರೆ ಅಂದುಕೊಳ್ಳಬೇಕಾ?

ಕಾರಂತ ಅನ್ನುವ ಹೆಸರಿನ ವಿಷಯದಲ್ಲಿ ನಾನು ಎರಡೂ ಕಡೆ ತಪ್ಪಿದೆ.

ಮೊದಲನೇ ವರ್ಷ. ಐಚ್ಛಿಕ ಕನ್ನಡದ ಮೇಷ್ಟ್ರು ಶಿವರಾಮ ಕಾರಂತರ ಯಾವುದಾದರೂ ಕಾದಂಬರಿ ಓದಿಕೊಂಡು ಬನ್ನಿ ಅಂದಿದ್ದರು. ಡ್ರಾಯರ್ ಎಳೆದು ಕಾರಂತ ಅಂತ ಇದ್ದ ಕಡೆ ಬೆರಳು ಇಟ್ಟೆ. ಒಂದಾದ ಮೇಲೆ ಒಂದು ಬರುತ್ತಲೇ ಇದೆ. ಕಾದಂಬರಿಗಳಿಗೆಲ್ಲ 894.814 ಅಂತ ಶುರುವಾಗುವ ನಂಬರು, ಕನ್ನಡ ಸಾಹಿತ್ಯಕ್ಕೆ ಅದೇ. ಆದರೆ ನಡುನಡುವೆ ಬೇರೆ ನಂಬರುಗಳೂ ಇದ್ದವು. 598ರಲ್ಲಿ ಹಕ್ಕಿಗಳ ಬಗ್ಗೆ ಒಂದು ಪುಸ್ತಕ. 500ರಲ್ಲಿ ವಿಜ್ಞಾನದ ದಪ್ಪ ದಪ್ಪ ಸಂಪುಟಗಳು. 792ರಲ್ಲಿ ಯಕ್ಷಗಾನ ಬಯಲಾಟ. ಮಕ್ಕಳಿಗಾಗಿ ಬಾಲಪ್ರಪಂಚ, ಮೂರು ಸಂಪುಟ. ಒಂದು ನಿಘಂಟು. ಪ್ರವಾಸದ ಪುಸ್ತಕಗಳು. ಕಾರ್ಡು ಬರೆದವರೂ ಬೇರೆ ಬೇರೆ ಕಾಲದವರು ಇರಬೇಕು, ಒಂದು ಕಡೆ 'ಕಾರಂತ, ಕೆ. ಶಿವರಾಮ', ಇನ್ನೊಂದು ಕಡೆ 'ಕಾರಂತ, ಶಿವರಾಮ', ಮತ್ತೊಂದು ಕಡೆ ಬರೀ 'ಕಾರಂತ, ಕೋಟ'. ನಾನು ಕೂತು ಲೆಕ್ಕ ಹಾಕಿದೆ. ಕಾದಂಬರಿಯವರು ಒಬ್ಬರು, ಹಕ್ಕಿ ನೋಡುವವರು ಒಬ್ಬರು, ಯಕ್ಷಗಾನದವರು ಒಬ್ಬರು, ವಿಜ್ಞಾನದ ಮೇಷ್ಟ್ರು ಒಬ್ಬರು, ನಿಘಂಟಿನವರು ಒಬ್ಬರು. ಐದು ಜನ ಕಾರಂತರು.

ಲೈಬ್ರರಿಯನ್ ಮೇಡಂ ಹತ್ತಿರ ಹೋಗಿ, "ಮೇಡಂ, ಇದರಲ್ಲಿ ಕಾದಂಬರಿ ಬರೆದ ಕಾರಂತರು ಯಾರು?" ಅಂತ ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಎಲ್ಲಾ ಅವರೇನಮ್ಮ" ಅಂದರು. ಆಮೇಲೆ ಅವರೇ ಒಳಗೆ ಹೋಗಿ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಅದು ಶಿವರಾಮ ಕಾರಂತರ ಆತ್ಮಕಥೆ, 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ನಾನು ಐದು ಅಂತ ಎಣಿಸಿದ್ದೆ, ಅವರೇ ಹತ್ತು ಅಂತ ಹೇಳಿಕೊಂಡಿದ್ದರು!

ಇಷ್ಟು ಕೆಲಸ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಆಗುತ್ತದೆ ಅನ್ನುವುದನ್ನು ನಂಬುವುದಕ್ಕೆ ನನಗೆ ತುಂಬಾ ದಿನ ಬೇಕಾಯಿತು. 1902ರಲ್ಲಿ ಕೋಟದಲ್ಲಿ ಹುಟ್ಟಿ 1997ರ ಡಿಸೆಂಬರಿನವರೆಗೆ ಬದುಕಿದವರು, ನಿಜ, ತೊಂಬತ್ತೈದು ವರ್ಷ. ಆದರೂ ನಲವತ್ತಕ್ಕಿಂತ ಜಾಸ್ತಿ ಕಾದಂಬರಿ ಬರೆದು, ಜ್ಞಾನಪೀಠ ತಗೊಂಡು, ಅದರ ಜೊತೆಗೆ ಮಕ್ಕಳಿಗೆ ಲೋಕದ ವಿಷಯ ಹೇಳಬೇಕು ಅಂತ ಕೂತು ವಿಶ್ವಕೋಶ ಬರೆಯುವುದು ಅಂದರೆ! ನನ್ನನ್ನು ಜಾಸ್ತಿ ಹಿಡಿದದ್ದು ಆ ವಿಶ್ವಕೋಶವೇ. ಕಾದಂಬರಿಕಾರರು ಮಹಾ ಕಾದಂಬರಿಕಾರರು, ಅದನ್ನು ಹೇಳುವವರು ಬಹಳ ಜನ ಇದ್ದಾರೆ. ಆದರೆ ಇಂಗ್ಲಿಷ್ ಬಾರದ ಹಳ್ಳಿ ಮಗುವಿಗೂ ನಕ್ಷತ್ರದ ಬಗ್ಗೆ, ಹಾವಿನ ಬಗ್ಗೆ ಕನ್ನಡದಲ್ಲೇ ತಿಳಿಯಬೇಕು ಅಂತ ಹಟ ಹಿಡಿದು ಬರೆದ ಮನುಷ್ಯ ನನಗೆ ಹತ್ತಿರದವರು ಅನಿಸಿದರು. ನಾನೂ ಅಂಥದೇ ಮಗು ಆಗಿದ್ದೆ.

ಕೊನೆಗೆ ನಾನು ಓದಿದ ಕಾದಂಬರಿ 'ಚೋಮನ ದುಡಿ'. ತೆಳ್ಳಗಿದೆ, ಬೇಗ ಮುಗಿಯುತ್ತದೆ ಅಂತ ತಗೊಂಡೆ. ನಮ್ಮ ಕಡೆ ದುಡಿ ಅಂದರೆ ಕೆಲಸ ಮಾಡು ಅಂತ. ಚೋಮ ಅನ್ನುವವನ ದುಡಿಮೆಯ ಕಥೆ ಅಂದುಕೊಂಡೇ ಬಸ್ಸಿನಲ್ಲಿ ಕೂತು ಓದತೊಡಗಿದೆ. ಓದುತ್ತಾ ಹೋದಾಗ ಗೊತ್ತಾಯಿತು, ದುಡಿ ಅಂದರೆ ಅಲ್ಲಿ ಒಂದು ಚರ್ಮವಾದ್ಯ, ನಮ್ಮೂರ ತಮಟೆಯ ಹಾಗೆ ಬಡಿಯುವಂಥದ್ದು. ಚೋಮನಿಗೆ ಸಂತೋಷ ಆದರೂ ದುಡಿ, ಸಂಕಟ ಆದರೂ ದುಡಿ. ಅವನ ಆಸೆ ಒಂದೇ, ಒಂದು ತುಂಡು ಗದ್ದೆ ತಾನೇ ಬೇಸಾಯ ಮಾಡಬೇಕು. ಎತ್ತು ಇದೆ, ಮೈಯಲ್ಲಿ ಕಸುವು ಇದೆ, ಜಾತಿಯ ಕಾರಣಕ್ಕೆ ಮಾತ್ರ ನೆಲ ಇಲ್ಲ. 1933ರ ಪುಸ್ತಕ. ಗುಬ್ಬಿ ಬಸ್‌ಸ್ಟ್ಯಾಂಡು ದಾಟಿದ್ದೂ ಗೊತ್ತಾಗಲಿಲ್ಲ ನನಗೆ. ದುಡಿ ಅನ್ನುವ ಪದಕ್ಕೆ ನಾನು ಮೊದಲು ಕೊಟ್ಟ ಅರ್ಥವೂ ಆ ಕಥೆಗೆ ಸಲ್ಲುತ್ತದೆ ಅಂತ ಇವತ್ತಿಗೂ ಅನಿಸುತ್ತದೆ. ಅವನು ಬದುಕಿದಷ್ಟು ದಿನವೂ ದುಡಿದವನೇ.

ಕಾರಂತ ಅಂದರೆ ಒಬ್ಬರೇ ಅಂತ ಇಷ್ಟಾದ ಮೇಲೆ ನನಗೆ ಖಾತ್ರಿಯಾಯಿತು. ಹಾಗಾಗಿ ಅದೇ ಡ್ರಾಯರಿನಲ್ಲಿ 792ರ ನಂಬರಿನ ಇನ್ನೊಂದೆರಡು ಕಾರ್ಡು, ನಾಟಕದ್ದು, ಕಂಡಾಗ ಅದೂ ಅವರದೇ ಇನ್ನೊಂದು ಮುಖ ಅಂತ ಮುಂದೆ ಹೋದೆ. ಹತ್ತು ಮುಖ ಇರುವವರಿಗೆ ಹನ್ನೊಂದನೆಯದು ಇರಬಾರದಾ? ಚೋಮನ ದುಡಿ ಸಿನಿಮಾ ಮಾಡಿದ್ದೂ ಕಾರಂತರು ಅಂತ ಯಾರೋ ಹೇಳಿದ್ದರು. ಬರೆದವರೇ ಸಿನಿಮಾನೂ ಮಾಡಿದ್ದಾರೆ ಅಂದುಕೊಂಡೆ.

ಎರಡನೇ ವರ್ಷ, 2002ರ ಸೆಪ್ಟೆಂಬರ್ ಎರಡನೇ ತಾರೀಕು, ಸೋಮವಾರ. ಲೈಬ್ರರಿಯಲ್ಲಿ ಪೇಪರ್ ಬಿಡಿಸಿದರೆ ಮುಖಪುಟದಲ್ಲಿ ಕಾರಂತರು ತೀರಿಕೊಂಡ ಸುದ್ದಿ. ನಾನು ಆ ಸಾಲನ್ನು ಎರಡು ಸಲ ಓದಿದೆ. ಶಿವರಾಮ ಕಾರಂತರು ಹೋದದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ನಮ್ಮ ಹೈಸ್ಕೂಲಿನಲ್ಲಿ ಪ್ರಾರ್ಥನೆ ಹೊತ್ತಿಗೆ ಮೌನ ನಿಂತದ್ದು ನೆನಪಿದೆ. ಮತ್ತೆ ಇವರು ಯಾರು? ಫೋಟೋದಲ್ಲಿ ಬೇರೆ ಮುಖ.

ಬಿ.ವಿ. ಕಾರಂತ. ಬಾಬುಕೋಡಿ ವೆಂಕಟರಮಣ ಕಾರಂತ. ಊರು ಕೋಟ ಅಲ್ಲ, ಬಂಟ್ವಾಳದ ಹತ್ತಿರದ ಮಂಚಿ. 1975ರಲ್ಲಿ ಚೋಮನ ದುಡಿಯನ್ನು ಸಿನಿಮಾ ಮಾಡಿ, ಅದಕ್ಕೆ ಸಂಗೀತವನ್ನೂ ಕೊಟ್ಟು, ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ತಂದವರು ಇವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸಿದವರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು. ಒಬ್ಬರು ಪುಸ್ತಕದಲ್ಲಿ ದುಡಿ ಅಂತ ಬರೆದರು, ಇನ್ನೊಬ್ಬರು ಅದನ್ನು ಕಿವಿಗೆ ಕೇಳಿಸಿದರು. ಎರಡು ಮನೆ, ಎರಡು ಊರು, ಒಂದೇ ಅಡ್ಡಹೆಸರು, ಒಂದೇ ಕಥೆ. ಒಬ್ಬರೇ ಅಂತ ನಾನು ಅಷ್ಟು ದಿನ ನಂಬಿದ್ದು ಸುಮ್ನೆ ಅಲ್ಲ ಬಿಡಿ.

ಆದರೆ ಆ ದಿನ ನನ್ನ ಕಣ್ಣು ನಿಂತದ್ದು ಪೇಪರಿನ ಒಳಪುಟದ ಒಂದು ಸಾಲಿನ ಮೇಲೆ. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು ಅಂತ. ಮುಂದೆ ಅವರನ್ನು ಎಂ.ಎ. ಓದುವುದಕ್ಕೆ ಕಾಶಿಗೆ ಕಳಿಸಿದ್ದೂ ವೀರಣ್ಣನವರೇ ಅಂತ. ಗುಬ್ಬಿ! ನಾನು ದಿನಾ ಎರಡು ಸಲ ದಾಟುವ ಗುಬ್ಬಿ! ಕಂಪನಿ ಊರೂರು ಸುತ್ತುತ್ತಿತ್ತು, ಯಾವಾಗಲೂ ಇಲ್ಲೇ ಠಿಕಾಣಿ ಹೂಡಿರುತ್ತಿರಲಿಲ್ಲ ಅನ್ನುವುದು ಗೊತ್ತು. ಆದರೂ ಕರಾವಳಿಯ ಒಬ್ಬ ಹುಡುಗ ನಾಟಕದ ಹುಚ್ಚಿಗೆ ಮನೆ ಬಿಟ್ಟಾಗ ಅವನಿಗೆ ಅನ್ನ ಹಾಕಿ, ಆಮೇಲೆ ಓದೂ ಕೊಡಿಸಿದ ಮನುಷ್ಯ ನಮ್ಮ ತಾಲ್ಲೂಕಿನವರು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಮೇಡಂ ಹತ್ತಿರ ಕೇಳಿ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ತಗೊಂಡು ಹೋದೆ. ತಾತನಿಗೆ ಕಣ್ಣು ಮಂಜಾಗಿತ್ತು, ಜಗಲಿ ಮೇಲೆ ಕೂರಿಸಿಕೊಂಡು ನಾನೇ ಓದಿದೆ. ಗುಬ್ಬಿ ಕಂಪನಿ ಅಂದ ಕೂಡಲೇ ತಾತ ನೆಟ್ಟಗೆ ಕೂತರು. ಕುರುಕ್ಷೇತ್ರ ನಾಟಕಕ್ಕೆ ಸ್ಟೇಜಿನ ಮೇಲೆ ನಿಜವಾದ ಆನೆ, ಕುದುರೆ ತಂದದ್ದನ್ನು ಅವರ ದೊಡ್ಡಪ್ಪ ಹೇಳುತ್ತಿದ್ದರಂತೆ. ನಮ್ಮ ರಾಜ್‌ಕುಮಾರ್ ಕೂಡ ಆ ಕಂಪನಿಯಲ್ಲಿದ್ದವರೇ ಕಣವ್ವ ಅಂದರು. "ಈ ಕಾರಂತ್ರು ಬರೆದಿರೋ ಪುಸ್ತಕ ಇಲ್ವಾ ನಿಮ್ಮ ಕಾಲೇಜಲ್ಲಿ?" ಅಂತ ಕೇಳಿದರು. ನಾನು ಯಾವುದೇ ಪುಸ್ತಕ ಹಿಡಿದರೂ ತಾತ ಅದರ ಬಗ್ಗೆ ಕೇಳಿದವರಲ್ಲ. ಅದೇ ಮೊದಲು.

ಕೆಲವು ವರ್ಷದ ಮೇಲೆ, ನಾನು ಕೆಲಸಕ್ಕೆ ಸೇರಿದ ಮೇಲೆ, ಬಿ.ವಿ. ಕಾರಂತರು ಹೇಳಿ ವೈದೇಹಿಯವರು ಬರೆದುಕೊಂಡ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಕೊಂಡುಕೊಂಡೆ. ಅಷ್ಟು ಹೊತ್ತಿಗೆ ತಾತ ಇರಲಿಲ್ಲ. ಗುಬ್ಬಿ ಕಂಪನಿಯ ಭಾಗ ಬಂದಾಗ ಜೋರಾಗಿಯೇ ಓದಿದೆ.

ಹಾಂ, ಪ್ರೇಮಾ ಕಾರಂತರನ್ನು ಬಿಡುವ ಹಾಗಿಲ್ಲ. ಬಿ.ವಿ. ಕಾರಂತರ ಹೆಂಡತಿ ಅಂತಷ್ಟೇ ಹೇಳುವವರು ಈಗಲೂ ಇದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಸಿನಿಮಾ ಮಾಡಿದವರು ಅವರು. ನಮ್ಮ ಲೈಬ್ರರಿಯಲ್ಲಿ ಅವರ ಹೆಸರಿನಲ್ಲಿ ಕಾರ್ಡು ಇರಲಿಲ್ಲ, ಸಿನಿಮಾಗೆ ಕಾರ್ಡು ಬರೆಯುವುದಿಲ್ಲವಲ್ಲ. ಫಣಿಯಮ್ಮ ಸಿಕ್ಕಿದ್ದು ಬೇರೆ ಡ್ರಾಯರಿನಲ್ಲಿ, ಇಂದಿರಾ ಅವರ ಹೆಸರಿನ ಕೆಳಗೆ.

ಕೊನೆಯ ವರ್ಷ ಇನ್ನೊಂದಾಯಿತು. ಹೊಸದಾಗಿ ಬಂದ ಇಂಗ್ಲಿಷ್ ಪುಸ್ತಕಗಳನ್ನು ಮೇಡಂ ಮೇಜಿನ ಮೇಲೆ ಸಾಲಾಗಿ ಇಟ್ಟು ಸೀಲ್ ಹಾಕುತ್ತಿದ್ದರು. ಅದರಲ್ಲಿ ಒಂದರ ಮೇಲೆ ಹುಲಿ. 'ದಿ ವೇ ಆಫ್ ದಿ ಟೈಗರ್'. ಕೆಳಗೆ ಕೆ. ಉಲ್ಲಾಸ ಕಾರಂತ. ಎರಡು ಸಲ ತಪ್ಪಿದ್ದೆನಲ್ಲ, ಈ ಸಲ ಸೀದಾ ಕೇಳಿದೆ. "ಇವರು ಯಾವ ಕಾರಂತರು ಮೇಡಂ?"

"ಶಿವರಾಮ ಕಾರಂತರ ಮಗ ಕಣಮ್ಮ" ಅಂದರು.

ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಹುಲಿಯ ಹಿಂದೆ ಹೋದವರು. ನಾಗರಹೊಳೆ ಕಾಡಿನಲ್ಲಿ ಕ್ಯಾಮೆರಾ ಕಟ್ಟಿ, ಹುಲಿ ನಡೆದುಹೋಗುವಾಗ ತಾನೇ ಫೋಟೋ ಬೀಳುವ ಹಾಗೆ ಮಾಡಿ, ಆ ಫೋಟೋದ ಪಟ್ಟೆ ನೋಡಿ ಇದು ಯಾವ ಹುಲಿ ಅಂತ ಗುರುತಿಸುತ್ತಾರೆ. ಒಂದು ಹುಲಿಯ ಪಟ್ಟೆಯ ಹಾಗೆ ಇನ್ನೊಂದರದ್ದು ಇರುವುದಿಲ್ಲವಂತೆ, ನಮ್ಮ ಬೆರಳಚ್ಚಿನ ಹಾಗೆ. ನನ್ನ ಇಂಗ್ಲಿಷ್ ಆಗ ಅಷ್ಟಕ್ಕಷ್ಟೇ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಕಾದಂಬರಿ ಬಿಟ್ಟು ಇಂಗ್ಲಿಷಿನಲ್ಲಿ ನಾನು ಪೂರ್ತಿ ಓದಿ ಮುಗಿಸಿದ ಮೊದಲ ಪುಸ್ತಕ ಅದು. ಕಾರಂತ ಅನ್ನುವ ಹೆಸರು ಮೇಲಿಲ್ಲದಿದ್ದರೆ ಹುಲಿಯ ಪುಸ್ತಕವನ್ನು ನಾನು ಮುಟ್ಟುತ್ತಿರಲಿಲ್ಲ.

ಇಂಗ್ಲಿಷ್ ಪುಸ್ತಕದ ಕಾರ್ಡುಗಳಿಗೆ ಬೇರೆ ಬೀರು ಇತ್ತು. "ಇದೂ ಅವರ ಜೊತೆಗೇ ಇದ್ದರೆ ಚೆನ್ನಾಗಿರುತ್ತಿತ್ತು ಮೇಡಂ" ಅಂದೆ, ಸುಮ್ನೆ ಮನಸ್ಸಿಗೆ ಬಂತು ಅಂತ. ಅವರು ಏನೂ ಹೇಳದೆ ಖಾಲಿ ಕಾರ್ಡು ಒಂದು ತಗೊಂಡು, ಕನ್ನಡದಲ್ಲಿ ದುಂಡಗೆ 'ಕಾರಂತ, ಕೆ. ಉಲ್ಲಾಸ' ಅಂತ ಬರೆದು, ಮೂಲೆಯಲ್ಲಿ 599.7 ಅಂತ ಹಾಕಿದರು. ತಿರುಗಿಸಿ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ 'ಶಿವರಾಮ ಕಾರಂತರ ಮಗ' ಅಂತ ಬರೆದರು. ಸರಳು ಎಳೆದು ಅದನ್ನು ಡ್ರಾಯರಿಗೆ ಪೋಣಿಸುವ ಕೆಲಸ ನನಗೇ ಕೊಟ್ಟರು.

ಹೋದ ವರ್ಷ ಮಗನ ಅಡ್ಮಿಷನ್ ವಿಚಾರಿಸುವುದಕ್ಕೆ ಕಾಲೇಜಿಗೆ ಬಂದಿದ್ದೆ. ಲೈಬ್ರರಿ ಗುರುತೇ ಸಿಗಲಿಲ್ಲ. ಈಗ ಎಲ್ಲಾ ಕಂಪ್ಯೂಟರ್, ಮಕ್ಕಳೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ತೆಗೆಯಬಹುದು, ಅದು ಬಹಳ ಒಳ್ಳೆಯದಾಯಿತು. ಮೇಡಂ ನಿವೃತ್ತರಾಗಿ ತುಂಬಾ ವರ್ಷ ಆಗಿದೆ. ಹಳೆಯ ಬೀರು ಎಲ್ಲಿ ಅಂತ ಕೇಳಿದ್ದಕ್ಕೆ ಮೆಟ್ಟಿಲ ಕೆಳಗಿನ ಸ್ಟೋರ್ ರೂಮ್ ತೋರಿಸಿದರು. ಮುರಿದ ಬೆಂಚುಗಳ ಹಿಂದೆ ನಿಂತಿತ್ತು. ಡ್ರಾಯರ್ ಸ್ವಲ್ಪ ಬಿಗಿಯಾಗಿತ್ತು, ಎರಡು ಸಲ ಎಳೆದ ಮೇಲೆ ಬಂತು. ಹಿತ್ತಾಳೆ ಸರಳು ಕಪ್ಪಾಗಿದೆ. ಕಾರಂತರೆಲ್ಲ ಹಾಗೇ ಇದ್ದರು.

599.7ರ ಕಾರ್ಡನ್ನು ತಿರುಗಿಸಿ ನೋಡಿದೆ. ಮೇಡಂ ಪೆನ್ಸಿಲ್ ಬರಹ ಮಾಸಿದೆ, ಆದರೂ ಓದಬಹುದು. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಇನ್ನೊಂದು ಸಾಲು ಇತ್ತು. 'ಇವರ ಮಗಳು ಕೃತಿ ಕಾರಂತ, ಅವರೂ ವನ್ಯಜೀವಿ ವಿಜ್ಞಾನಿ.' ಅದು ಮೇಡಂ ಅಕ್ಷರ ಅಲ್ಲ, ನನ್ನದೂ ಅಲ್ಲ.