ಹಲೋ, ಕೇಳಿಸ್ತಾ ಇದೆಯಾ?

ಹೊರಡುವ ಹಿಂದಿನ ದಿನ ಅಮ್ಮನಿಗೆ ಮಾತು ಕೊಟ್ಟಿದ್ದೆ. ದಿನಾ ರಾತ್ರಿ ಒಂಬತ್ತಕ್ಕೆ, ಅವಳ ಗಡಿಯಾರದ ಒಂಬತ್ತಕ್ಕೆ, ಫೋನ್ ಮಾಡ್ತೀನಿ ಅಂತ. ಕೊಡಬಾರದಿತ್ತು. ಕಂಡವರ ವೈಫೈ ನಂಬಿಕೊಂಡು ವಿದೇಶಕ್ಕೆ ಹೊರಟವನು ಹೊತ್ತು ಹೇಳಿ ಮಾತು ಕೊಡಬಾರದು.

ಅಲ್ಲಿಯ ಸಿಮ್ ಕೊಳ್ಳುವುದಿಲ್ಲ, ರೋಮಿಂಗ್ ಹಾಕಿಸುವುದಿಲ್ಲ, ಇಡೀ ಪ್ರವಾಸವನ್ನು ಪುಕ್ಕಟೆ ವೈಫೈನಲ್ಲೇ ಮುಗಿಸುತ್ತೇನೆ ಎಂಬ ಹಠ ನನ್ನದು. ಮನೆಯಲ್ಲಿ ಇದಕ್ಕೆ ಜಿಪುಣತನ ಅಂತಾರೆ. ನಾನು ಪ್ರಯೋಗ ಅಂತೀನಿ. ದುಬೈನಲ್ಲಿ ಐದು ಗಂಟೆ ಕಾಯುವುದು, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಾಲ್ಕು ದಿನ, ಅಲ್ಲಿಂದ ಹಡಗು ಹತ್ತಿ ಎಸ್ಟೋನಿಯಾದ ಟಾಲಿನ್‌ನಲ್ಲಿ ಮೂರು ದಿನ. ಇಷ್ಟು ದಾರಿ.

ಮೊದಲ ದಿನವೇ ಮಾತು ತಪ್ಪಿತು. ದುಬೈ ವಿಮಾನ ನಿಲ್ದಾಣದ ವೈಫೈ ಚೆನ್ನಾಗಿಯೇ ಇತ್ತು. ಫೋಟೋ ಹೋಯಿತು, ಮೆಸೇಜ್ ಹೋಯಿತು. ಸರಿಯಾಗಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಕರೆ ಮಾಡಿದೆ. ಅತ್ತ ರಿಂಗ್ ಆಯಿತು, ಅಮ್ಮ ಎತ್ತಿದಳು, ಪರದೆಯ ಮೇಲೆ 'ಕನೆಕ್ಟಿಂಗ್' ಎಂಬ ಪದ ಬಂದು ಅಲ್ಲೇ ಕೂತಿತು. ಆಮೇಲೆ ಕಟ್. ಮತ್ತೆ ಮಾಡಿದೆ, ಮತ್ತೆ ಅದೇ ಕಥೆ. ಕುರ್ಚಿ ಬದಲಿಸಿದೆ, ಫೋನ್ ಆಫ್ ಮಾಡಿ ಆನ್ ಮಾಡಿದೆ, ಕಿಟಕಿ ಹತ್ತಿರ ಹೋಗಿ ನಿಂತೆ. ಪಕ್ಕದಲ್ಲಿ ಕೂತಿದ್ದ ಒಬ್ಬರು ಇದನ್ನೆಲ್ಲ ಸ್ವಲ್ಪ ಹೊತ್ತು ನೋಡಿ, 'ಇಲ್ಲಿ ಆಗಲ್ಲ' ಎಂಬಂತೆ ಕೈಯಾಡಿಸಿದರು.

ಸಿಗ್ನಲ್‌ನಲ್ಲಿ ಏನೂ ತಪ್ಪಿರಲಿಲ್ಲ. ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ ಇಂಟರ್‌ನೆಟ್ ಕರೆಯ ಆ್ಯಪ್‌ಗಳಿಗೆ ಅಲ್ಲಿನ ಟೆಲಿಕಾಂ ನಿಯಂತ್ರಕರ ಒಪ್ಪಿಗೆ ಬೇಕು. ಒಪ್ಪಿಗೆ ಇದ್ದವು ನಡೆಯುತ್ತವೆ, ವಾಟ್ಸಾಪ್ ಕರೆ ನಡೆಯುವುದಿಲ್ಲ. ಮೆಸೇಜಿಗೂ ವಾಯ್ಸ್ ಮೆಸೇಜಿಗೂ ಮಾತ್ರ ತಕರಾರಿಲ್ಲ. 'ವಿಪಿಎನ್ ಹಾಕಿದ್ರೆ ಆಯ್ತಪ್ಪ' ಅಂತ ಗೆಳೆಯನೊಬ್ಬ ಮೆಸೇಜಿನಲ್ಲೇ ಉಪದೇಶ ಮಾಡಿದ. ವಿಪಿಎನ್ ಅಂದರೆ ನಮ್ಮ ಇಂಟರ್‌ನೆಟ್ಟನ್ನು ಮುಚ್ಚಿಟ್ಟು ಬೇರೆ ಕಡೆಯ ಕಂಪ್ಯೂಟರಿನ ಮೂಲಕ ಸಾಗಿಸುವ ಆ್ಯಪ್. ತಡೆದಿರುವುದನ್ನು ಹಾಗೆ ದಾಟಲು ಹೋದರೆ ಆ ದೇಶದ ಸೈಬರ್ ಕಾನೂನಿನಲ್ಲಿ ಭಾರಿ ದಂಡ ಇದೆ. ಐದು ಗಂಟೆ ಕೂರಲು ಬಂದವನಿಗೆ ಅದು ಬೇಡದ ಉಸಾಬರಿ. ಸುಮ್ನೆ ಒಂದು ವಾಯ್ಸ್ ಮೆಸೇಜ್ ಕಳಿಸಿ ಮಲಗಿದೆ.

ಮರುದಿನ ಅವಳಿಂದಲೂ ಒಂದು ಬಂತು. ನಾಲ್ಕೇ ಸೆಕೆಂಡ್. 'ಎಲ್ಲೇ ಒತ್ತೋದು ಇದನ್ನ?' ಅಂತ ನನ್ನ ತಂಗಿಯನ್ನು ಕೇಳುತ್ತಿದ್ದಾಳೆ, ಅಷ್ಟೇ.

ಹೆಲ್ಸಿಂಕಿಯಲ್ಲಿ ಅಂಥ ತಡೆ ಏನೂ ಇಲ್ಲ. ನಾನಿದ್ದ ಹಾಸ್ಟೆಲ್ಲಿನ ವೈಫೈ ಪೂರ್ತಿ ಗೆರೆ ತೋರಿಸುತ್ತಿತ್ತು. ಸ್ಪೀಡ್ ಟೆಸ್ಟ್ ಹಾಕಿದರೆ 40 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 40 ಮೆಗಾಬಿಟ್. ಅಮ್ಮನ ಒಂಬತ್ತು ಅಂದರೆ ಅಲ್ಲಿ ಸಂಜೆ ಆರೂವರೆ. ಕರೆ ಮಾಡಿದೆ. 'ಹಲೋ' ಅಂದಳು. ಆಮೇಲೆ ಅವಳ ಮಾತು ತುಂಡು ತುಂಡಾಗಿ, ನಡುನಡುವೆ ಅಕ್ಷರ ನುಂಗಿಕೊಂಡು ಬರತೊಡಗಿತು. 'ಡಬ್ಬದೊಳಗೆ ಕೂತು ಮಾತಾಡ್ತಾ ಇದೀಯೇನೋ?' ಅಂದಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಇಷ್ಟು ವೇಗ ಇದ್ದೂ ಹೀಗ್ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದು ಆವತ್ತು ರಾತ್ರಿ. ಮಾತಿಗೆ ವೇಗ ಬೇಕಾಗಿಯೇ ಇಲ್ಲ. ನಮ್ಮ ದನಿಯನ್ನು ಆ್ಯಪ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ, ಅಂದರೆ ಸೆಕೆಂಡಿಗೆ 50 ಪೊಟ್ಟಣ. ಎಲ್ಲ ಸೇರಿ ಸೆಕೆಂಡಿಗೆ 50 ಕಿಲೋಬಿಟ್‌ನ ಆಸುಪಾಸು, 40 ಎಂಬಿಪಿಎಸ್ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ಆ ಪೊಟ್ಟಣಗಳು ಒಂದರ ಹಿಂದೆ ಒಂದು ಹೊತ್ತಿಗೆ ಸರಿಯಾಗಿ ಬರಬೇಕು. ತಡವಾಗಿ ಬಂದ ಪೊಟ್ಟಣ ಬಾರದ ಪೊಟ್ಟಣಕ್ಕೆ ಸಮ, ಆ್ಯಪ್ ಅದನ್ನು ಎಸೆದುಬಿಡುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಲೀಸು. ತಡ ಜಾಸ್ತಿಯಾದಷ್ಟೂ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, 'ನೀನೇ ಹೇಳು' 'ಇಲ್ಲ ನೀನೇ ಹೇಳು' ಶುರುವಾಗುತ್ತದೆ.

ಆರೂವರೆ ಅಂದರೆ ಹಾಸ್ಟೆಲ್ಲಿನವರೆಲ್ಲ ತಿರುಗಾಡಿ ವಾಪಸ್ ಬಂದು ಮಂಚದ ಮೇಲೆ ಬಿದ್ದು ವಿಡಿಯೋ ನೋಡುವ ಹೊತ್ತು. ಒಂದು ವೈಫೈ ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಸರದಿ ಕಾಯಬೇಕು. ಆ ಸರದಿಯಲ್ಲಿ ನನ್ನ ಪುಟ್ಟ ಪೊಟ್ಟಣ ದೊಡ್ಡ ದೊಡ್ಡ ವಿಡಿಯೋಗಳ ಹಿಂದೆ ನಿಂತಿತ್ತು. ರಾತ್ರಿ ಒಂದು ಗಂಟೆಗೆ ಎದ್ದು ಪಿಂಗ್ ಹಾಕಿ, ಅಂದರೆ ಪುಟ್ಟ ಪೊಟ್ಟಣವೊಂದು ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆದು ನೋಡಿದೆ, ಗಡಿಯಾರದ ಹಾಗೆ ಒಂದೇ ಸಮನೆ ಉತ್ತರ. ಆದರೆ ಆ ಹೊತ್ತಿಗೆ ಅಮ್ಮನನ್ನು ಎಬ್ಬಿಸಲಾಗುತ್ತದೆಯೇ?

ಇನ್ನೊಂದು ಕಳ್ಳ ನನ್ನ ಕಿವಿಯಲ್ಲೇ ಇದ್ದ. ಆ ಹಾಸ್ಟೆಲ್ಲಿನ ವೈಫೈ ಬರೀ 2.4 ಗಿಗಾಹರ್ಟ್ಸ್‌ನದು. ಬ್ಲೂಟೂತ್ ಓಡುವುದೂ ಅದೇ 2.4ರ ರೇಡಿಯೋ ಅಲೆಗಳಲ್ಲಿ, ಹಾಗಾಗಿ ಒಂದಕ್ಕೊಂದು ಅಡ್ಡ ಬರುತ್ತವೆ. ಕಿವಿಯ ಬ್ಲೂಟೂತ್ ತೆಗೆದು, ಚೀಲದ ತಳದಲ್ಲಿದ್ದ ಹಳೇ ವೈರಿನ ಇಯರ್‌ಫೋನ್ ಸಿಕ್ಕಿಸಿದ ಮೇಲೆ ಅರ್ಧ ತೊಂದರೆ ಹೋಯಿತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ಮೂರನೆಯ ಸಂಜೆ 'ಓಡಿ' ಎಂಬ ಹೆಸರಿನ ಗ್ರಂಥಾಲಯಕ್ಕೆ ಹೋದೆ. 2018ರ ಡಿಸೆಂಬರ್‌ನಲ್ಲಿ ತೆರೆದ ಕಟ್ಟಡ, ರೈಲು ನಿಲ್ದಾಣದ ಹತ್ತಿರವೇ. ಒಳಗೆ ಬರುವವರನ್ನು ಯಾರೂ ನೀನ್ಯಾರು ಅಂತ ಕೇಳುವುದಿಲ್ಲ. ಎರಡನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರ್. ಮೂರನೆಯದರಲ್ಲಿ ಪುಸ್ತಕಗಳು, ಮೇಲೆ ಅಲೆ ಅಲೆಯಾದ ಬಿಳಿ ಛಾವಣಿ. ಅಲ್ಲಿಂದ ಹೊರಗೆ ಉದ್ದನೆಯ ಬಾಲ್ಕನಿ, ಎದುರಿಗೆ ಫಿನ್‌ಲೆಂಡಿನ ಸಂಸತ್ ಭವನ. ಜೂನ್ ತಿಂಗಳು, ಸೂರ್ಯ ಇನ್ನೂ ತಲೆ ಮೇಲೆಯೇ ಇದ್ದ ಹಾಗಿತ್ತು. ಗಾಜಿನ ಬಾಗಿಲಿಗೆ ಅಂಟಿಕೊಂಡ ಹಾಗೆ ನಿಂತು ಕರೆ ಮಾಡಿದೆ. ನಡೆದಾಡುತ್ತಾ ಮಾತಾಡುವ ಚಟ ನನಗೆ, ಆದರೆ ಕಾಲು ಕಿತ್ತಿಡಲಿಲ್ಲ. ನಡೆದರೆ ಫೋನ್ ಒಂದು ವೈಫೈ ಪೆಟ್ಟಿಗೆ ಬಿಟ್ಟು ಇನ್ನೊಂದನ್ನು ಹಿಡಿಯಬೇಕು, ಆ ನಡುವೆ ಮಾತು ಕತ್ತರಿಸುತ್ತದೆ.

ಇಪ್ಪತ್ತು ನಿಮಿಷ ಮಾತಾಡಿದೆವು. ಒಂದು ಅಕ್ಷರ ಬೀಳಲಿಲ್ಲ. ಚಳಿ ಇದೆಯಾ, ಸ್ವೆಟರ್ ಹಾಕಿದೀಯಾ ಅಂತ ಕೇಳಿದಳು. 'ಹಾಕಿದೀನಮ್ಮ' ಅಂದೆ. ಸ್ವೆಟರ್ ಹಾಸ್ಟೆಲ್ಲಿನಲ್ಲಿತ್ತು. ಫೋನ್ ಇಟ್ಟು ತಿರುಗಿದರೆ ಪಕ್ಕದ ಬೆಂಚಿನ ಹೆಂಗಸು ನಗುತ್ತಾ ಅಚ್ಚ ಕನ್ನಡದಲ್ಲಿ, 'ಅಮ್ಮಂಗೆ ಸುಳ್ಳು ಹೇಳಿದ್ರಿ ಅಲ್ವಾ?' ಅಂದರು! ವಾಟ್ಸಾಪ್ 2016ರಿಂದಲೂ ಕರೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಬೀಗ ಹಾಕಿ ಕಳಿಸುತ್ತದೆ, ತೆರೆದ ವೈಫೈನಲ್ಲೂ ನಡುವೆ ಕದ್ದು ಕೇಳಲಾಗದು. ಬೆಂಚಿನವರಿಗೆ ಯಾವ ಬೀಗವೂ ಇಲ್ಲ. ಬ್ಯಾಂಕಿನ ನಂಬರು ಗಿಂಬರು ಓದಿ ಹೇಳದಿದ್ದದ್ದು ಪುಣ್ಯ.

ಎಲ್ಲ ಕಡೆ ಇಷ್ಟು ಸಲೀಸಿರಲಿಲ್ಲ. ಒಂದು ಕಡೆ ವೈಫೈಗೆ ಸೇರಿದೆ, ಲಾಗಿನ್ ಪುಟವೇ ತೆರೆಯಲಿಲ್ಲ. ವಿಪಿಎನ್ ಆನ್ ಇಟ್ಟು ಮರೆತಿದ್ದೆ, ಅದನ್ನು ಆರಿಸಿದ ಮೇಲೆ ತೆರೆಯಿತು. ತೆರೆದರೆ ಫೋನ್ ನಂಬರ್ ಕೊಡಿ, ಒಟಿಪಿ ಕಳಿಸ್ತೀವಿ ಅಂತು. ರೋಮಿಂಗ್ ಇಲ್ಲದವನಿಗೆ ಒಟಿಪಿ ಎಲ್ಲಿಂದ ಬರಬೇಕು? ಬಾಗಿಲಿನ ಕೀಲಿ ಕೋಣೆಯ ಒಳಗೇ ಇದ್ದಂತೆ.

ಟಾಲಿನ್‌ಗೆ ಹಡಗಿನಲ್ಲಿ ಎರಡು ಗಂಟೆ, ಸುಮಾರು 80 ಕಿಲೋಮೀಟರ್. ಹತ್ತುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದೆ. ದಡದ ಟವರ್ ಮರೆಯಾದ ಮೇಲೆ ಫೋನ್ ಹಡಗಿನದೇ ಮೊಬೈಲ್ ಜಾಲವನ್ನು ಹಿಡಿದುಬಿಡಬಹುದು. ಅದು ಉಪಗ್ರಹದ ಮೂಲಕ ಹೋಗುವ ದುಬಾರಿ ಜಾಲ, ಯುರೋಪಿನ ಅಗ್ಗದ ರೋಮಿಂಗ್ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಇಳಿದ ಮೇಲೆ ಮರೆಯದೆ ಆ ಮೋಡ್ ತೆಗೆದೆ. ಅಲ್ಲಿ ತುರ್ತು ಕರೆ 112. ವಾಟ್ಸಾಪ್‌ನಿಂದ ಅದಕ್ಕೆ ಕರೆ ಹೋಗುವುದಿಲ್ಲ, ಫೋನಿನ ಮಾಮೂಲಿ ಡಯಲರ್‌ನಿಂದಲೇ ಮಾಡಬೇಕು.

ಟಾಲಿನ್‌ಗೆ ಹೋಗಲು ನನಗೆ ಹಳೇ ಕಟ್ಟಡಗಳಿಗಿಂತ ದೊಡ್ಡ ಕಾರಣ ಇನ್ನೊಂದಿತ್ತು: ಸ್ಕೈಪ್. ಕಂಪ್ಯೂಟರಿನಿಂದ ಪುಕ್ಕಟೆ ಫೋನ್ ಮಾಡಬಹುದು ಅಂತ ನಮಗೆಲ್ಲ ಕಲಿಸಿದ್ದು ಅದೇ ತಾನೇ? ಒಬ್ಬ ಸ್ವೀಡನ್ನಿನವ, ಒಬ್ಬ ಡೆನ್ಮಾರ್ಕಿನವ ಸೇರಿ ಶುರು ಮಾಡಿದ್ದು, ಕೋಡ್ ಬರೆದವರು ಎಸ್ಟೋನಿಯಾದ ಎಂಜಿನಿಯರುಗಳು. 2003ರ ಆಗಸ್ಟ್‌ನಲ್ಲಿ ಹೊರಬಂತು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರಿಗೆ ಕೊಂಡಿತು, 2025ರ ಮೇ 5ರಂದು ಮುಚ್ಚಿತು. ನಾನು ಹೋಗುವ ಹೊತ್ತಿಗೆ ಆಗಲೇ ಇತಿಹಾಸ.

ಆ ಊರಲ್ಲೇ ನನ್ನ ಕರೆ ಮತ್ತೆ ಸಿಕ್ಕಿಹಾಕಿಕೊಂಡಿತು. ಉಳಿದುಕೊಂಡಿದ್ದ ಹೋಟೆಲ್ಲಿನಲ್ಲಿ ದುಬೈನ ಲಕ್ಷಣವೇ: ರಿಂಗ್ ಆಗುತ್ತದೆ, ಎತ್ತುತ್ತಾಳೆ, ದನಿ ಇಲ್ಲ. ಇಲ್ಲಿ ಕಾನೂನಿನ ತಡೆ ಇಲ್ಲ. ಹೋಟೆಲ್ಲಿನ ಫೈರ್‌ವಾಲ್, ಅಂದರೆ ಜಾಲದ ಕಾವಲುಗಾರ, ವೆಬ್‌ಸೈಟ್‌ಗಳನ್ನಷ್ಟೇ ಒಳಬಿಟ್ಟು, ದನಿ ಹೋಗುವ ಯುಡಿಪಿ ಎಂಬ ದಾರಿಯನ್ನು ಮುಚ್ಚಿತ್ತು. ರಿಂಗ್ ಹೋಗುವ ದಾರಿ ಬೇರೆ, ಮಾತು ಹೋಗುವ ದಾರಿ ಬೇರೆ. ಅದಕ್ಕೇ ಒಂದು ಬಂದು ಇನ್ನೊಂದು ಬರಲಿಲ್ಲ. ತಮಾಷೆ ಅಂದರೆ ಸ್ಕೈಪ್ ಹೆಸರು ಮಾಡಿದ್ದೇ ಇಂಥ ಬಾಗಿಲುಗಳಲ್ಲಿ ನುಸುಳುವುದಕ್ಕೆ. ಯುಡಿಪಿ ಮುಚ್ಚಿದ್ದರೆ ಅದು ವೆಬ್‌ಸೈಟ್‌ಗಳು ಓಡಾಡುವ ಬಾಗಿಲಿನಿಂದಲೇ ಮಾತನ್ನು ದಾಟಿಸುತ್ತಿತ್ತು. ನಾನೂ ಅದನ್ನೇ ಮಾಡಿದೆ. ವಿಪಿಎನ್ ಸೆಟ್ಟಿಂಗ್‌ನಲ್ಲಿ ವೆಬ್‌ಸೈಟ್‌ಗಳು ಬಳಸುವ ಟಿಸಿಪಿ ಎಂಬ ದಾರಿ ಆರಿಸಿ ಕರೆ ಮಾಡಿದೆ. ದನಿ ಬಂತು, ಸುತ್ತಿ ಬಳಸಿ ಅರ್ಧ ಸೆಕೆಂಡ್ ತಡವಾಗಿ. 'ಯಾಕೋ ಯೋಚನೆ ಮಾಡಿ ಮಾಡಿ ಉತ್ತರ ಕೊಡ್ತೀಯ, ಏನು ಮುಚ್ಚಿಡ್ತಾ ಇದೀಯ?' ಅಂದಳು ಅಮ್ಮ. ಏನಂತ ವಿವರಿಸಲಿ!

ಹಿಂತಿರುಗುವ ಸಂಜೆ ಒಂಬತ್ತರ ಹೊತ್ತಿಗೆ ನಾನು ಸಮುದ್ರದ ಮಧ್ಯೆ ಇದ್ದೆ. ಹಡಗಿನ ವೈಫೈಗೆ ನೂರಾರು ಜನ ಮುತ್ತಿದ್ದರು, ಮೆಸೇಜ್ ಕೂಡ ಒಂದು ಟಿಕ್ಕೂ ಬೀಳದೆ ಗಡಿಯಾರದ ಗುರುತಿನಲ್ಲೇ ನಿಂತಿತು. ಹೆಲ್ಸಿಂಕಿ ಬಂದರಿನಲ್ಲಿ ಇಳಿದು ವೈಫೈ ಹಿಡಿದ ತಕ್ಷಣ ಅಮ್ಮನ ವಾಯ್ಸ್ ಮೆಸೇಜ್ ಬಂದು ಬಿತ್ತು. ಈ ಸಲ ಮೂರು ನಿಮಿಷ ಹನ್ನೆರಡು ಸೆಕೆಂಡ್. ಒಂದು ಬೆಂಚು ಹುಡುಕಿ ಕೂತು ಹಚ್ಚಿದೆ.

'ಹಲೋ? ಕೇಳಿಸ್ತಾ ಇದೆಯಾ?' ಅಂದಳು. ಆಮೇಲೆ ಸದ್ದಿಲ್ಲ. ಕೆಟ್ಟುಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ, 'ಹೂಂ. ಹುಷಾರಾಗಿದೀಯಾ?' ಮತ್ತೆ ಐದಾರು ಸೆಕೆಂಡ್ ಖಾಲಿ. 'ಸರಿ. ಚೀಲ ಎಲ್ಲ ಕಟ್ಟಿಕೊಂಡ್ಯಾ?' ಮತ್ತೆ ಖಾಲಿ. ನಾನು ಆ ಕಡೆ ಇದ್ದೇನೆ ಅಂದುಕೊಂಡೇ ಅವಳು ನನ್ನ ಉತ್ತರಕ್ಕೆ ಜಾಗ ಬಿಟ್ಟು ಬಿಟ್ಟು ಮಾತಾಡಿದ್ದಳು. ಎರಡನೆಯ ಸಲ ಹಚ್ಚಿದಾಗ ಆ ಜಾಗಗಳಲ್ಲಿ ನಾನು ಮೆಲ್ಲಗೆ ಉತ್ತರ ಹೇಳುತ್ತಾ ಹೋದೆ. ಹೂಂ, ಹುಷಾರಾಗಿದೀನಿ. ಕಟ್ಟಿಕೊಂಡೆ. ಸ್ವೆಟರ್ ಮೈಮೇಲೇ ಇದೆ, ಈ ಸಲ ನಿಜವಾಗ್ಲೂ.

'ಸರಿ ಹಂಗಾದ್ರೆ' ಅಂದಳು ಕೊನೆಗೆ. 'ನೀನೇ ಮೊದಲು ಇಡು.'