ಆ್ಯರೋಟೌನಿನಲ್ಲಿ ಮರಳು ಜಾಲಿಸಿದ್ದು

ಕೋಲಾರದ ಕಡೆಯವನಾದ ನನಗೆ ಚಿನ್ನದೂರು ಅಂದರೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ, 2001ರಲ್ಲಿ ಬೀಗ ಬಿದ್ದ ಗಣಿ. ಏಪ್ರಿಲ್‌ನಲ್ಲಿ ಮಗಳನ್ನು ನೋಡಲು ನ್ಯೂಜಿಲೆಂಡಿಗೆ ಹೋದಾಗ ಅವಳು ಕರೆದೊಯ್ದ ಆ್ಯರೋಟೌನ್ ಬೇರೆಯೇ ಲೋಕ. ಹಳದಿಗೆ ತಿರುಗಿದ ಮರಗಳು, ಬಕಿಂಗ್‌ಹ್ಯಾಮ್ ಬೀದಿಯ ಹಳೇ ಅಂಗಡಿಸಾಲು, ಎಲ್ಲೆಲ್ಲೂ ಕಾಫಿ ಘಮ. 1862ರಲ್ಲಿ ಜ್ಯಾಕ್ ಟೇವಾ ಎಂಬ ಮಾವೊರಿಗೆ, ಅಂದರೆ ಇಲ್ಲಿನ ಮೂಲನಿವಾಸಿಗೆ, ಇಲ್ಲಿನ ಹೊಳೆಯಲ್ಲಿ ಚಿನ್ನ ಕಂಡಿತ್ತು. ಕೆಲವೇ ತಿಂಗಳಲ್ಲಿ ಸಾವಿರಾರು ಜನ ಬಂದಿಳಿದರು.

ಊರಿನ ಮ್ಯೂಸಿಯಂನಲ್ಲಿ ಚಿನ್ನ ಜಾಲಿಸುವ ತಟ್ಟೆ ಬಾಡಿಗೆಗೆ ಸಿಗುತ್ತದೆ. ಪ್ಯಾಂಟು ಮಡಚಿ ಆ್ಯರೋ ಹೊಳೆಗಿಳಿದೆ. ಎರಡೇ ನಿಮಿಷಕ್ಕೆ ಕಾಲು ಮರಗಟ್ಟಿತು. ಮರಳು ತುಂಬಿ ತಿರುಗಿಸತೊಡಗಿದಾಗ ಅಮ್ಮ ಅಕ್ಕಿ ಜಾಲಿಸುತ್ತಿದ್ದದ್ದು ನೆನಪಾಯಿತು. ಅದೇ ಕೈಚಳಕ, ಲೆಕ್ಕ ಮಾತ್ರ ಉಲ್ಟಾ. ಅಮ್ಮ ತಳದಲ್ಲುಳಿದ ಕಲ್ಲನ್ನು ಎಸೆಯುತ್ತಿದ್ದಳು, ಇಲ್ಲಿ ತಳದಲ್ಲುಳಿದದ್ದೇ ಬೇಕಾದದ್ದು. ತಟ್ಟೆಯ ತುಂಬಾ ಮಿಣಮಿಣ! ಪಕ್ಕದಲ್ಲಿದ್ದ ಅಜ್ಜನೊಬ್ಬ ಕೈ ಅಡ್ಡ ಹಿಡಿದು ನೆರಳು ಮಾಡಿದ. ಮಿಂಚೆಲ್ಲ ಮಾಯ. ಅಭ್ರಕ. ಚಿನ್ನವಾದರೆ ನೆರಳಲ್ಲೂ ಹೊಳೆಯುತ್ತದಂತೆ.

ನಮ್ಮಲ್ಲಿ ಇದಕ್ಕಾಗಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಬಂಡೆ ಒಡೆಯಬೇಕಿತ್ತು. ಕೋಲಾರದಲ್ಲಿ ಗಣಿ ಅಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಐರಿಷ್ ಸೈನಿಕ ಮೈಕೆಲ್ ಲವೆಲ್ ಇದೇ ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬೆಂಗಳೂರು ಸೇರಿದವನು. ಚಿನ್ನದ ಹುಚ್ಚು ಅವನಿಗೆ ಈ ಕಡೆಯೇ ಹತ್ತಿರಬೇಕೆಂದು ನನ್ನ ಅನುಮಾನ.

ಬುಷ್ ಕ್ರೀಕ್ ದಂಡೆಯಲ್ಲಿ ಚೀನೀ ಗಣಿಗಾರರ ಗುಡಿಸಲುಗಳಿವೆ. ಬೀದಿಯ ಅಂದ ಇಲ್ಲಿಲ್ಲ. ಬಂಡೆಗೆ ಒರಗಿಸಿ ಕಟ್ಟಿದ ಕಲ್ಲಿನ ಗೂಡು. ನಾನು ಕುಳ್ಳ, ಆದರೂ ಬಗ್ಗಿಯೇ ಒಳಹೋದೆ. ಒಬ್ಬ ಮಲಗಿದರೆ ಇನ್ನೊಬ್ಬ ಕೂರಲು ಯೋಚಿಸಬೇಕು. ಸುಲಭದ ಚಿನ್ನ ಮುಗಿದು ಬಿಳಿಯರು ಬೇರೆ ಕಡೆ ಓಡಿದ ಮೇಲೆ, 1860ರ ದಶಕದಲ್ಲಿ ಈ ಪ್ರಾಂತ್ಯದ, ಅಂದರೆ ಒಟಾಗೋದವರೇ ಚೀನೀಯರನ್ನು ಕರೆಸಿಕೊಂಡಿದ್ದರು. ಉಳಿದವರು ಬಿಟ್ಟುಹೋದ ಮಣ್ಣನ್ನೇ ಇವರು ಮತ್ತೆ ಜಾಲಿಸಿದರು. 1881ರಲ್ಲಿ ದೇಶದೊಳಗೆ ಬರುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಬಿತ್ತು, 1896ರಲ್ಲಿ ಅದು 100 ಪೌಂಡ್ ಆಯಿತು. ಸರ್ಕಾರ ಕ್ಷಮೆ ಕೇಳಿದ್ದು 2002ರಲ್ಲಿ.

ಮಗಳು ಇಲ್ಲಿಗೆ ಕೆಲಸಕ್ಕೆಂದು ಬಂದು ಆರು ವರ್ಷವಾಯಿತು. ಚೀನೀ ವ್ಯಾಪಾರಿ ಆಹ್ ಲಮ್‌ನ ಹಳೇ ಅಂಗಡಿಯ ಮುಂದೆ ನಿಂತು, "ಕರೆದವರೂ ಇವರೇ ಅಲ್ವಾ ಅಪ್ಪಾ?" ಅಂದಳು.

ತಟ್ಟೆ ವಾಪಸ್ ಕೊಡುವ ಹೊತ್ತಾಯಿತು, ನಡಿ ಅಂದೆ.